ಪರಿಚಯದ ರುಜು

ಬ್ಯಾಂಕಿನಲ್ಲಿ ಖಾತೆ ತೆರೆಯುವ ಹಳೆಯ ಅರ್ಜಿಯನ್ನು ಕಂಡವರಿಗೆ ಅದರ ಕೆಳಭಾಗದಲ್ಲಿದ್ದ ಒಂದು ಚೌಕದ ನೆನಪಿರಬಹುದು. ‘ಪರಿಚಯಿಸುವವರು’ ಎಂಬ ತಲೆಬರಹದ ಆ ಚೌಕದಲ್ಲಿ ಅದೇ ಬ್ಯಾಂಕಿನ ಹಳೆಯ ಖಾತೆದಾರರೊಬ್ಬರು ತಮ್ಮ ಖಾತೆಯ ಸಂಖ್ಯೆಯನ್ನು ನಮೂದಿಸಿ, ಅರ್ಜಿದಾರರನ್ನು ತಾವು ಇಷ್ಟು ವರ್ಷಗಳಿಂದ ಬಲ್ಲೆವೆಂದು ರುಜು ಹಾಕಬೇಕಾಗಿತ್ತು. ಶಿರಸಿಯಂಥ ಪೇಟೆಯಲ್ಲಿ ಈ ರುಜು ಅಡಿಕೆ ವರ್ತಕರ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು. ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದ ಮಾಲು ತಂದ ತೋಟಿಗರು ತೂಕ ಮುಗಿಸಿ, ಬಂದ ಹಣವನ್ನು ಇಡಲು ಖಾತೆ ಬೇಕೆಂದಾಗ, ವಖಾರಿಯ ಸಾಹುಕಾರರಲ್ಲದೆ ಅವರನ್ನು ಬಲ್ಲವರು ಪೇಟೆಯಲ್ಲಿ ಬೇರೆ ಯಾರಿದ್ದರು?

ಆ ಚೌಕ ಕೇವಲ ಶಿಷ್ಟಾಚಾರಕ್ಕಾಗಿ ಇದ್ದುದಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 131ನೆಯ ಕಲಮಿನಂತೆ, ಗ್ರಾಹಕನ ಪರವಾಗಿ ಕ್ರಾಸ್ ಮಾಡಿದ ಚೆಕ್ಕಿನ ಹಣವನ್ನು ಬ್ಯಾಂಕು ವಸೂಲು ಮಾಡಿಕೊಟ್ಟು, ಆ ಚೆಕ್ಕು ಮುಂದೆ ಅನ್ಯರದೆಂದು ತಿಳಿದುಬಂದರೂ, ಪ್ರಾಮಾಣಿಕವಾಗಿ ಮತ್ತು ಅಲಕ್ಷ್ಯವಿಲ್ಲದೆ ನಡೆದುಕೊಂಡ ಬ್ಯಾಂಕಿಗೆ ರಕ್ಷಣೆ ಉಂಟು. ತಕ್ಕ ಪರಿಚಯವಿಲ್ಲದೆ ಖಾತೆ ತೆರೆದುಕೊಡುವುದನ್ನು ನ್ಯಾಯಾಲಯಗಳು ಅಲಕ್ಷ್ಯವೆಂದೇ ಎಣಿಸಿದ್ದವು. ಆದ್ದರಿಂದ ಪರಿಚಯಿಸಿದವನ ಒಂದು ಸಾಲಿನ ಮಾತಿನ ಮೇಲೆ ಬ್ಯಾಂಕಿನ ಭದ್ರತೆ ನಿಂತಿತ್ತು. ರುಜು ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಇದನ್ನು ಅರಿತಿರಲಿಲ್ಲ.

1988ರಲ್ಲಿ ಶಿರಸಿಯ ವರ್ತಕರೊಬ್ಬರ ವಖಾರಿಗೆ, ಪರಿಚಿತ ದಲಾಲಿಯೊಬ್ಬರ ಜೊತೆಯಲ್ಲಿ ಅಪರಿಚಿತನೊಬ್ಬ ಬಂದ. ಸಿದ್ದಾಪುರದ ಕಡೆಯವನೆಂದು ಹೇಳಿಕೊಂಡ. ಹೆಗಡೆ ಎಂಬ ಅಡ್ಡಹೆಸರನ್ನು ಹೇಳಿದ. ಕೊಯ್ಲಿನ ದಿನಗಳು, ಅಂಗಳದಲ್ಲಿ ಗಾಡಿಗಳು ನಿಂತಿದ್ದವು. ದಲಾಲಿಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದ ವರ್ತಕರು ಲೇಖನಿ ತೆಗೆದುಕೊಂಡು ‘ಐದು ವರ್ಷಗಳಿಂದ’ ಎಂದು ಬರೆದು ರುಜು ಮಾಡಿದರು. ಆತನನ್ನು ಅವರು ನೋಡಿದ್ದು ಐದು ನಿಮಿಷವೂ ಇರಲಾರದು.

ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಇರುವ ಸೀಮೆ ಅದು; ತಂದೆಯ ಹೆಸರು, ಮನೆಯ ಹೆಸರು ಸೇರಿಸದೆ ಹೋದರೆ ಅಂಚೆಯವನಿಗೂ ಗೊಂದಲ. ಹುಬ್ಬಳ್ಳಿಯ ಖರೀದಿದಾರರೊಬ್ಬರು ಸಿದ್ದಾಪುರ ತಾಲೂಕಿನ ತೋಟಿಗರೊಬ್ಬರಿಗೆ ಅಂಚೆಯಲ್ಲಿ ಕಳುಹಿಸಿದ 11,400 ರೂಪಾಯಿಗಳ ಚೆಕ್ಕು ದಾರಿಯಲ್ಲಿ ಕೈತಪ್ಪಿ, ಅದೇ ಹೆಸರಿನ ಈ ಹೊಸ ಖಾತೆಗೆ ಜಮೆಯಾಯಿತು. ವಾರದೊಳಗೆ ಖಾತೆಯಲ್ಲಿ ಉಳಿದದ್ದು ಕನಿಷ್ಠ ಠೇವಣಿ ಮಾತ್ರ. ಬ್ಯಾಂಕಿನವರು ವಖಾರಿಗೆ ಬಂದು, “ಸಾಹುಕಾರರೇ, ನೀವು ಪರಿಚಯಿಸಿದ ಹೆಗಡೆಯವರ ಮನೆ ಎಲ್ಲಿ?” ಎಂದು ಕೇಳಿದರು. ವರ್ತಕರ ಬಳಿ ಉತ್ತರವಿರಲಿಲ್ಲ. ದಲಾಲಿಯನ್ನು ಕೇಳಿದರೆ, ಬಸ್ಸಿನಲ್ಲಿ ಆದ ಪರಿಚಯ ಎಂದರು.

ಪರಿಚಯಿಸಿದವನು ಜಾಮೀನುದಾರನಲ್ಲ, ಹಣ ಕೊಡುವ ಹೊಣೆ ನಿಮಗಿಲ್ಲ ಎಂದು ವಕೀಲರು ಧೈರ್ಯ ಹೇಳಿದರು. ವರ್ತಕರಿಗೆ ಆ ಧೈರ್ಯ ಸಾಲಲಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಹೇಳುವ ‘ಕೂಟಲೇಖಕ್ರಿಯೆ’ಯನ್ನು ಅವರು ಸ್ವಾಧ್ಯಾಯದಲ್ಲಿ ಎಷ್ಟೋ ಸಲ ಓದಿದ್ದರು, ಸುಳ್ಳು ಸಾಲಪತ್ರ ಬರೆಯುವವರ ಮಾತು ಅದು ಎಂದು ತಿಳಿದಿದ್ದರು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದನ್ನು ವಿವರಿಸುವಾಗ, ಪರರ ಪ್ರೇರಣೆಯಿಂದ, ನಡೆಯದುದನ್ನು ನಡೆಯಿತೆಂದು ಬರೆಯುವುದನ್ನೂ ಅದರೊಳಗೆ ಸೇರಿಸಿದ್ದಾರೆ. ವಂಚನೆಯ ಉದ್ದೇಶ ತಮ್ಮದಾಗಿರಲಿಲ್ಲವೆಂಬುದು ನಿಜ. ಆದರೆ ಆ ಉದ್ದೇಶವಿದ್ದವನ ಕೈಗೆ ಲೇಖನಿಯಾಗಿ ಒದಗಿದ್ದು ತಮ್ಮ ರುಜುವೇ ಅಲ್ಲವೇ? ಒಂದು ಭಾನುವಾರ ಅವರು ಸಿದ್ದಾಪುರದ ಬಸ್ಸು ಹತ್ತಿ, ತೋಟಿಗರ ಮನೆಯನ್ನು ಹುಡುಕಿಕೊಂಡು ಹೋಗಿ ಅರ್ಧ ಹಣವನ್ನು ಕೊಟ್ಟರು. ಉಳಿದರ್ಧವನ್ನು ಮರುವರ್ಷದ ಕೊಯ್ಲಿನ ಹೊತ್ತಿಗೆ. ಅಂದಿನಿಂದ ಅವರ ವಖಾರಿಯಲ್ಲಿ ಪರಿಚಯದ ರುಜು ಸುಲಭವಾಗಿ ಸಿಗುತ್ತಿರಲಿಲ್ಲ. ಇದರಿಂದ ಕೆಲವರಿಗೆ ಅಸಮಾಧಾನವೂ ಆಯಿತು.

ಕಾಲ ಬದಲಾಯಿತು. ಗ್ರಾಹಕರನ್ನು ದಾಖಲೆಗಳಿಂದ ಗುರುತಿಸಬೇಕೆಂದು ರಿಸರ್ವ್ ಬ್ಯಾಂಕು 2002ರ ಆಗಸ್ಟಿನಲ್ಲಿ ಸೂಚಿಸಿತು, 2004ರಲ್ಲಿ ವಿಸ್ತಾರವಾದ ನಿಯಮಗಳನ್ನು ಕೊಟ್ಟಿತು. ಅಕ್ರಮ ಹಣ ಚಲಾವಣೆ ತಡೆ ಕಾಯಿದೆ 2005ರ ಜುಲೈ 1ರಂದು ಜಾರಿಗೆ ಬಂದಿತು. ಮುಂದೆ ಪರಿಚಯದ ಅಗತ್ಯವೇ ಇಲ್ಲವೆಂದಾಯಿತು. ಪಾಸ್‌ಪೋರ್ಟು, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ, ಆಧಾರ್ ಮುಂತಾದವು ಪರಿಚಯಸ್ಥರ ಸ್ಥಾನಕ್ಕೆ ಬಂದವು. ಸುಳ್ಳು ಅಲ್ಲಿಗೆ ನಿಂತಿತೆನ್ನಲಾಗದು. ಅಪ್ಪಟ ದಾಖಲೆಗಳನ್ನು ಕೊಟ್ಟು ತಮ್ಮದೇ ಹೆಸರಿನಲ್ಲಿ ಖಾತೆ ತೆರೆದು, ಅಲ್ಪ ಸ್ವಲ್ಪ ಹಣದಾಸೆಗೆ ಅದನ್ನು ಸೈಬರ್ ವಂಚಕರ ಉಪಯೋಗಕ್ಕೆ ಬಿಟ್ಟುಕೊಡುವ ಯುವಕರ ಸುದ್ದಿ ಈಗ ಪತ್ರಿಕೆಗಳಲ್ಲಿ ಬರುತ್ತಿದೆ. ಆದರೂ ಚೌಕ ಹೋದದ್ದು ವರ್ತಕರಿಗೆ ನೆಮ್ಮದಿಯನ್ನೇ ತಂದಿತ್ತು, 2015ರ ತನಕ.

ಯಲ್ಲಾಪುರದ ಕಡೆ ಅವರಿಗೊಂದು ಸಣ್ಣ ತೋಟವಿತ್ತು. ಅಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದವರಲ್ಲಿ ಸಿದ್ದಿ ಜನಾಂಗದ ಒಬ್ಬ ಹೆಂಗಸು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಈ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ನೆಲೆಸಿದ್ದಾರೆ; ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆಕೆಗೆ ಮನೆಯಲ್ಲಿ ಕರೆಯುವ ಹೆಸರೊಂದು, ರೇಷನ್ ಕಾರ್ಡಿನಲ್ಲಿದ್ದುದು ಇನ್ನೊಂದು. ಬ್ಯಾಂಕು ಒಪ್ಪುವ ಕಾಗದ ಯಾವುದೂ ಇರಲಿಲ್ಲ. ಹಿಂದಿನ ವರ್ಷ, 2014ರ ಆಗಸ್ಟ್ 28ರಂದು ಜನಧನ ಯೋಜನೆ ಆರಂಭವಾಗಿತ್ತು. ವರ್ತಕರೇ ಆಕೆಯನ್ನು ಕರೆದುಕೊಂಡು ಯಲ್ಲಾಪುರದ ಶಾಖೆಯೊಂದಕ್ಕೆ ಹೋದರು. “ಇವಳನ್ನು ಇಪ್ಪತ್ತು ವರ್ಷಗಳಿಂದ ಬಲ್ಲೆ, ನಾನು ಬರೆದುಕೊಡುತ್ತೇನೆ” ಎಂದರು. ತರುಣ ಅಧಿಕಾರಿ ಬಹಳ ವಿನಯದಿಂದ, ಹಾಗೆ ಬರೆಯಲು ಅರ್ಜಿಯಲ್ಲಿ ಈಗ ಜಾಗವಿಲ್ಲವೆಂದು ತಿಳಿಸಿದ. ಆಕೆ ವರ್ತಕರ ಕಡೆ ತಿರುಗಿ, “ನನ್ನ ಗುರ್ತು ನಿಮಗಿಲ್ವಾ ಒಡೆಯಾ?” ಎಂದಳು.

ದಾರಿ ತೋರಿಸಿದವನೂ ಆ ಅಧಿಕಾರಿಯೇ. ಕಾಗದವಿಲ್ಲದವರಿಗಾಗಿ ‘ಸಣ್ಣ ಖಾತೆ’ ಎಂಬುದೊಂದಿದೆ. ಭಾವಚಿತ್ರ ಕೊಟ್ಟು, ಬ್ಯಾಂಕಿನ ಅಧಿಕಾರಿಯ ಎದುರಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಸಾಕು. ಉಳಿಕೆ 50,000 ರೂಪಾಯಿ ಮೀರಬಾರದು, ವರ್ಷದ ಜಮೆ ಒಂದು ಲಕ್ಷ ಮೀರಬಾರದು, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯಬಾರದು. ಅವಧಿ 12 ತಿಂಗಳು. ಅಷ್ಟರೊಳಗೆ ಅಧಿಕೃತ ದಾಖಲೆಗೆ ಅರ್ಜಿ ಹಾಕಿದ್ದಕ್ಕೆ ಪುರಾವೆ ತೋರಿಸಿದರೆ ಇನ್ನೂ 12 ತಿಂಗಳು. ಆಕೆಯ ಹೆಬ್ಬೆರಳು ಅಡಿಕೆಯ ಕಲೆಯಿಂದ ಕಪ್ಪಾಗಿತ್ತು. ಒರೆಸಿ ಒರೆಸಿ ಮೂರನೆಯ ಸಲಕ್ಕೆ ಗುರುತು ಸರಿಯಾಗಿ ಮೂಡಿತು.

ಮರುವಾರದಿಂದ ದಾಖಲೆಯ ಓಡಾಟ ತೊಡಗಿತು. ಆಕೆಯ ವಾಸವನ್ನು ಖಚಿತಪಡಿಸಲು ಗ್ರಾಮ ಲೆಕ್ಕಾಧಿಕಾರಿ ಕೇರಿಗೆ ಬಂದು, ನೆರೆಹೊರೆಯವರ ಸಮಕ್ಷಮ ಮಹಜರು ಬರೆದರು. ತೋಟದ ಒಡೆಯರೆಂದು ವರ್ತಕರನ್ನೂ ಸಾಕ್ಷಿಗೆ ಕರೆದರು. “ಎಷ್ಟು ವರ್ಷಗಳಿಂದ ಬಲ್ಲಿರಿ?” ಎಂಬ ಪ್ರಶ್ನೆಗೆ ಅವರು ತಟ್ಟನೆ ಉತ್ತರಿಸಲಿಲ್ಲ. ಆಕೆ ಮೊದಲು ಸುಲಿಯಲು ಬಂದ ವರ್ಷ ಯಾವುದು, ಆಗ ಮಗನಿಗೆಷ್ಟು ವಯಸ್ಸು ಎಂದೆಲ್ಲ ಅವಳನ್ನೇ ಕೇಳಿ, ಬೆರಳು ಮಡಿಸಿ ಕೊಯ್ಲುಗಳನ್ನು ಎಣಿಸಿ, ಹತ್ತೊಂಬತ್ತು ಎಂದು ಬರೆಸಿ ರುಜು ಹಾಕಿದರು.