ಎಮ್ಮೆಂಟಾಲಿನ ಬೆಣ್ಣೆ ಬಟಾಟೆ

ಬಾಸೆಲ್ ರೈಲು ನಿಲ್ದಾಣದ ಫಲಕ ಕಂಡಾಗ ಪರದೇಶಕ್ಕೆ ಬಂದೆ ಅನ್ನಿಸಲೇ ಇಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಂದಿನಿಂದ ನಮ್ಮ ಕರಾವಳಿಗೆ ಆ ಹೆಸರು ಮನೆಮಾತು. ನಮ್ಮ ಮಾಡಿನ ಹಂಚಿನಲ್ಲಿ ಅವರ ಕೈವಾಡವಿದೆ. ಉಡುಪಿಯ ಮಿಶನ್ ಆಸ್ಪತ್ರೆಯನ್ನು 1923ರಲ್ಲಿ ಶುರುಮಾಡಿದ ಡಾಕ್ಟರ್ ಎವಾ ಲೊಂಬಾರ್ಡ್ ಸ್ವಿಸ್ ಹೆಂಗಸು. ಇಷ್ಟೆಲ್ಲ ತಂದವರು ತಮ್ಮ ಬೆಳಗಿನ ತಿಂಡಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದರು. ಅದರ ರುಚಿ ನೋಡಲು ನಾನೇ ಬರ್ನ್ ತನಕ ಹೋಗಬೇಕಾಯಿತು.

ಬರ್ನ್‌ನಲ್ಲಿ ಅಕ್ಕನ ಮಗಳ ಮನೆ. ಶನಿವಾರ ಬೆಳಿಗ್ಗೆ ಅವಳು “ಮಾವ, ಸಂತೆಗೆ ಹೋಗುವಾ” ಅಂದಳು. ಉಡುಪಿಯ ಸಂತೆಕಟ್ಟೆಯವನನ್ನು ಎಬ್ಬಿಸಲು ಇನ್ನೇನು ಬೇಕು? ಮಂಗಳವಾರ, ಶನಿವಾರಗಳಂದು ಅಲ್ಲಿ ಸಂತೆ ಸೇರುವುದು ದೇಶದ ಸಂಸತ್ ಭವನದ ಎದುರಿನ ಚೌಕದಲ್ಲಿ. ಹಸಿರು ಗುಮ್ಮಟದ ಕೆಳಗೆ ಕ್ಯಾರೆಟ್ ಕಟ್ಟು, ಬೀಟ್ರೂಟ್ ರಾಶಿ, ಮಣ್ಣು ಹತ್ತಿದ ಬಟಾಟೆ. ವಿಧಾನಸೌಧದ ಮೆಟ್ಟಿಲೆದುರು ಮಟ್ಟುಗುಳ್ಳ ಬದನೆಯ ಗುಡ್ಡೆ ಹಾಕಿದರೆ ನಮ್ಮ ಪೊಲೀಸರು ಎಷ್ಟು ಹೊತ್ತು ಸುಮ್ಮನಿದ್ದಾರು ಎಂದು ಯೋಚಿಸುತ್ತ ನಿಂತೆ. ನಮ್ಮ ಭಾನುವಾರದ ಸಂತೆಯ ಕೂಗಾಟ, ಚೌಕಾಸಿ ಇಲ್ಲಿಲ್ಲ, ಬರೆದಿಟ್ಟದ್ದೇ ದರ. ಬುಟ್ಟಿಯೊಂದರಲ್ಲಿ ಸುವರ್ಣಗೆಡ್ಡೆಯ ಮರಿಯೆಂಬಂತೆ ಗಂಟುಗಂಟಾದ, ಬೇರುಮೀಸೆಯ ಒಂದು ಗೆಡ್ಡೆ ಇತ್ತು. ಸೆಲೆರಿ ಗೆಡ್ಡೆಯಂತೆ. ಕೊಯ್ದರೆ ಒಳಗೆ ಬೆಳ್ಳಗೆ, ಸೊಪ್ಪಿನಂಥ ಘಾಟು.

ಆಗಸ್ಟ್ 1 ಅವರ ರಾಷ್ಟ್ರೀಯ ದಿನ. ನಾನು ಪಥಸಂಚಲನ ನೋಡುವ ಉಮೇದಿನಲ್ಲಿದ್ದರೆ, ಅವಳು ನನ್ನನ್ನು ಎಮ್ಮೆಂಟಾಲ್ ಕಣಿವೆಯ ರೈಲು ಹತ್ತಿಸಿದಳು. 1993ರಿಂದ ಆ ದಿನ ಊರೂರ ರೈತರು ತಮ್ಮ ಅಂಗಳದಲ್ಲಿ ಪೇಟೆಯವರಿಗೆ ಬೆಳಗಿನ ತಿಂಡಿ ಬಡಿಸುತ್ತಾರೆ, ಹಣಕ್ಕೇ. ಬ್ಯಾಂಕು, ಗಡಿಯಾರಗಳ ದೇಶ ತನ್ನ ಹುಟ್ಟುಹಬ್ಬವನ್ನು ಹಟ್ಟಿಯ ಪಕ್ಕ ಆಚರಿಸುವುದೆಂದರೆ! ನಾವು ಹೋದ ರೈತನ ಮನೆಯ ಮಾಡು ಎಂಥದ್ದು ಅಂತೀರಿ: ಇಳಿದು ಇಳಿದು ಇನ್ನೇನು ನೆಲ ಮುಟ್ಟಬೇಕು. ಜನ, ದನ, ಒಣಹುಲ್ಲು ಎಲ್ಲ ಅದರಡಿಯಲ್ಲೇ. ಹಿಂಬದಿಯ ಇಳಿಜಾರು ದಾರಿಯಲ್ಲಿ ಟ್ರ್ಯಾಕ್ಟರು ಸೀದಾ ಅಟ್ಟಕ್ಕೇ ಹತ್ತಿತು.

ಅಂಗಳದಲ್ಲಿ ದೊಡ್ಡ ಕಬ್ಬಿಣದ ಬಾಣಲೆ, ಅದರಲ್ಲಿ ರೋಷ್ಟಿ. ಸಿಪ್ಪೆ ಸಮೇತ ಹಿಂದಿನ ದಿನವೇ ಬೇಯಿಸಿ, ರಾತ್ರಿಯಿಡೀ ತಂಪಿನಲ್ಲಿಟ್ಟ ಬಟಾಟೆ ಅದು. ಬೆಂದು ಮೆತ್ತಗಾದ ಪಿಷ್ಟ ತಣಿದಾಗ ಬಿಗಿಯುತ್ತದೆ. ಚಿತ್ರಾನ್ನಕ್ಕೆ ಆರಿದ ಅನ್ನವೇ ಆಗಬೇಕಲ್ಲ, ಹಾಗೆ. ಮನೆಯಾಕೆ ಅದನ್ನು ದಪ್ಪವಾಗಿ ತುರಿದು, ಉಪ್ಪು ಉದುರಿಸಿ, ನೊರೆಯೇಳುತ್ತಿದ್ದ ಬೆಣ್ಣೆಗೆ ಹಾಕಿದಳು. ಕಡಲೆಹಿಟ್ಟಿಲ್ಲ, ಅಕ್ಕಿಹಿಟ್ಟಿಲ್ಲ. ಒಂದು ಹಸಿಮೆಣಸು, ನಾಲ್ಕೆಲೆ ಬೇವು ಹಾಕಲು ನನ್ನ ಕೈ ತವಕಿಸಿತು. ಆಮೇಲೆ ಅವಳು ಏನೂ ಮಾಡಲಿಲ್ಲ, ಅದೇ ಕಷ್ಟದ ಭಾಗ. ಸಟ್ಟುಗ ಆಡಿಸದೆ, ಸಣ್ಣ ಉರಿಯಲ್ಲಿ, ಅಡಿ ಕಂದುಗಟ್ಟಿ ತುಪ್ಪ ಕಾಯಿಸುವ ಪರಿಮಳ ಬರುವವರೆಗೆ ಕಾಯುವುದು. ಕೊನೆಗೆ ಬಾಣಲೆಗೆ ತಟ್ಟೆ ಮುಚ್ಚಿ, ಒಮ್ಮೆಲೇ ಮಗುಚಿ, ಮತ್ತೊಂದು ಮಗ್ಗುಲು ಬೇಯಲೆಂದು ಮೆಲ್ಲನೆ ಬಾಣಲೆಗೆ ಜಾರಿಸಿದಳು. ಮೇಲೆ ಗರಿಗರಿ, ಒಳಗೆ ಬೆಣ್ಣೆ ಕುಡಿದ ಎಳೆಗಳು.

1770ರ ಆಸುಪಾಸಿನ ಬರಗಾಲದಲ್ಲಿ ಧಾನ್ಯ ಕೈಕೊಟ್ಟ ಮೇಲೆ ಈ ಸೀಮೆಯಲ್ಲಿ ಬಟಾಟೆ ಬೇಸಾಯ ಹಬ್ಬಿತು. ಬರ್ನಿನ ರೈತರು ಬೆಳಿಗ್ಗೆ ಹಾಲುಕಾಫಿಯೊಡನೆ ಒಂದೇ ಪಾತ್ರೆಯಿಂದ ರೋಷ್ಟಿ ತಿಂದು ಗದ್ದೆಗಿಳಿಯುತ್ತಿದ್ದರು. ಅವರು ಹಬ್ಬ ಮಾಡುವ ಅದೇ ಆಗಸ್ಟಿನ ಹೊತ್ತಿಗೆ ನಮ್ಮೂರಲ್ಲಿ ಮಳೆಗಾಲದ ಆಟಿ ತಿಂಗಳು. ಪಣತದ ಅಕ್ಕಿ ಮುಗಿದ ಮನೆಗಳಲ್ಲಿ ಹಿಂದೆ ಕೆಸು, ಗೆಣಸು, ಹಲಸಿನ ಬೀಜಗಳೇ ಹೊಟ್ಟೆ ಕಾದದ್ದು. ನಾವು ಅವನ್ನು ಕಷ್ಟಕಾಲದ ತಿಂಡಿಯೆಂದು ಹಿಂದೆ ಸರಿಸಿದೆವು. ಇವರು ತಮ್ಮದನ್ನು ಹಬ್ಬದ ಮೇಜಿಗೆ ತಂದರು. ನನಗೆ ತುಸು ಹೊಟ್ಟೆಕಿಚ್ಚಾದದ್ದು ನಿಜ.

ಇನ್ನೊಂದು ಬಾಣಲೆಯಲ್ಲಿ ಬಟಾಟೆಗೆ ಕ್ಯಾರೆಟ್, ಸೆಲೆರಿ ಗೆಡ್ಡೆ ಬೆರೆಸಿದ್ದರು. ಇವುಗಳಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ತುರಿದು ಹಿಂಡದಿದ್ದರೆ ಬಾಣಲೆಯಲ್ಲಿ ಬೆವರುತ್ತವೆ. ಕ್ಯಾರೆಟ್ಟಿನ ಸಿಹಿ ಬೇಗ ಕರಟುತ್ತದೆ. ಹಿಡಿದಿಡಲು ಅರ್ಧಕ್ಕಿಂತ ಹೆಚ್ಚು ಬಟಾಟೆಯೇ ಇರಬೇಕು.

“ಸುವರ್ಣಗೆಡ್ಡೆಯಲ್ಲಿ ಆಗುತ್ತದಾ ಮಾವ?” ಅಂತ ಅಕ್ಕನ ಮಗಳು ಕೇಳಿದಳು. ಆದೀತು, ಆದರೆ ಹಸಿಯಾಗಿ ತುರಿದು ಹಾಕುವಂತಿಲ್ಲ. ಅದರೊಳಗಿನ ಸೂಜಿಯಂಥ ಹರಳುಗಳು ಗಂಟಲು ತುರಿಸುತ್ತವೆ. ಹುಣಸೆನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆರಿಸಿ, ಬೆಣ್ಣೆಯ ಬದಲು ತೆಂಗಿನೆಣ್ಣೆ. ಹಸಿಮೆಣಸು ಖಂಡಿತ.

ಮರುದಿನ ಫ್ರಿಬೂರ್ಗ್‌ಗೆ ಹೊರಟೆವು. ಆಗುಂಬೆ ಘಾಟಿ ಹತ್ತಿದರೆ ನಮ್ಮ ಕುಚ್ಚಲಕ್ಕಿ ಹಿಂದೆ ಬೀಳುವ ಹಾಗೆ, ಅಲ್ಲಿನ ಸಾನೆ ಹೊಳೆ ದಾಟಿದರೆ ಜರ್ಮನ್ ಮಾತೂ ರೋಷ್ಟಿಯೂ ಮುಗಿದು ಫ್ರೆಂಚ್ ಸೀಮೆ ಶುರು ಎಂದು ಸ್ವಿಸ್ ಜನ ತಮಾಷೆ ಮಾಡುತ್ತಾರೆ. ಆ ಗಡಿಗೆ ರೋಷ್ಟಿ ಕಂದಕವೆಂದೇ ಹೆಸರು. ಹೊಳೆಯಾಚೆಯ ಹೋಟೆಲಿನ ತಿಂಡಿಪಟ್ಟಿಯನ್ನು ಕುತೂಹಲದಿಂದ ತೆರೆದೆ. ಫ್ರೆಂಚಿನಲ್ಲಿ ಬರೆದ ಪಟ್ಟಿಯ ನಡುವೆ ರೋಷ್ಟಿ ಆರಾಮಾಗಿ ಕೂತಿತ್ತು. 22 ಫ್ರಾಂಕ್; ನಮ್ಮ ಲೆಕ್ಕದಲ್ಲಿ ಎರಡು ಸಾವಿರ ರೂಪಾಯಿಗೂ ಮೇಲೆ. ಇಬ್ಬರೂ ಕಾಫಿ ಹೇಳಿದೆವು.