ಅರುವತ್ತು ಸೆಕೆಂಡು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಮೊದಲಿಗೆ ನಾನೂ ಎಲ್ಲ ಹಳೆಯ ವಿದ್ಯಾರ್ಥಿಗಳಂತೆ ಗುರುಗಳ ನಾಗರಬೆತ್ತ, ಮಳೆಗಾಲದಲ್ಲಿ ಜಗಲಿಯುದ್ದಕ್ಕೂ ಒಣಗುತ್ತಿದ್ದ ಕೊಡೆಗಳ ಸಾಲು, ವಾರ್ಷಿಕೋತ್ಸವದ ಯಕ್ಷಗಾನ ಇವುಗಳ ಬಗೆಗೇ ಬರೆಯಬೇಕೆಂದಿದ್ದೆ. ಅವುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾನು ಬರೆಯಹೊರಟಿರುವುದು ಅಮೆರಿಕದ ಒಂದು ಕಾಗದದ ರಾಕೆಟ್ಟಿನ ವಿಚಾರ. ಇದೇನು ಕುಂಬಳೆ ಸೀಮೆಗೂ ಅದಕ್ಕೂ ನಂಟು ಎಂದು ಓದುಗರು ಹುಬ್ಬೇರಿಸಬಾರದು. ಸ್ವಲ್ಪ ತಾಳ್ಮೆಯಿಂದ ಓದಿದರೆ, ಅದು ಸುತ್ತಿ ಬಳಸಿ ನಮ್ಮ ಶಾಲೆಯ ಹಿಂದಿನ ಪದವಿಗೇ ಬಂದು ಇಳಿಯುತ್ತದೆ.

2024ರ ಬೇಸಗೆಯಲ್ಲಿ ನಾನು ಮತ್ತು ನನ್ನ ಮಡದಿ ಮಗಳ ಮನೆಗೆಂದು ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ನಗರಕ್ಕೆ ಹೋಗಿದ್ದೆವು. ಮೊಮ್ಮಗನಿಗೆ ಆಗ ಎಂಟು ವರ್ಷ. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟಿದ್ದ ಒಂದು ಪೊಟ್ಟಣವನ್ನು ತಂದು, "ಅಜ್ಜ, ಅಪ್ಪನಿಗೆ ಪುರುಸೊತ್ತಿಲ್ಲವಂತೆ, ನೀನು ಕಟ್ಟಿಕೊಡ್ತೀಯಾ?" ಎಂದು ಕೇಳಿದ. ಬಿಚ್ಚಿ ನೋಡಿದರೆ ಒಳಗೆ ಒಂದು ತೆಳುವಾದ ಕಾಗದದ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಮೂತಿ, ಬಾಲ್ಸಾ ಮರದ ಒಂದು ಹಲಗೆ, ರಬ್ಬರಿನ ಪಟ್ಟಿ, ಪ್ಲಾಸ್ಟಿಕ್ ಹಾಳೆಯ ಪ್ಯಾರಾಚೂಟು. ಎಸ್ಟಿಸ್ ಎಂಬ ಸಂಸ್ಥೆಯ 'ಆಲ್ಫಾ' ಎಂಬ ಮಾದರಿ. ಉದ್ದ ಸುಮಾರು 31 ಸೆಂಟಿಮೀಟರು, ದಪ್ಪ ಎರಡೂವರೆ ಸೆಂಟಿಮೀಟರು. ಎಂಜಿನಿಲ್ಲದೆ ತೂಗಿದರೆ ಮೂರು ನಾಲ್ಕು ಚಾಲಿ ಅಡಕೆಯಷ್ಟು ಭಾರವಿದ್ದೀತು. ರಾಕೆಟ್ ಎಂಬ ಶಬ್ದವನ್ನು ಕೇಳಿದೊಡನೆಯೇ ನನ್ನ ಕೈ ಸ್ವಲ್ಪ ಹಿಂದೆ ಸರಿಯಿತು. ಅದು ಏಕೆಂದು ಮಗುವಿಗೆ ಹೇಳಲಿಲ್ಲ. "ಆಗಲಿ" ಎಂದೆ.

ಆ ಪೊಟ್ಟಣದ ಹಿಂದೊಂದು ಕಥೆಯಿದೆ. ಅದನ್ನು ತಿಳಿದದ್ದು ಅಲ್ಲಿಯ ಗ್ರಂಥಾಲಯದಲ್ಲಿ. ಒಮಾಹಾದಿಂದ ಕಾರಿನಲ್ಲಿ ಎರಡು ಗಂಟೆಯ ದಾರಿಯಾಚೆ ನಾರ್ಫೋಕ್ ಎಂಬ ಊರಿದೆ. ಅಲ್ಲಿ ಆರ್ವಿಲ್ ಕಾರ್ಲೈಲ್ ಎಂಬೊಬ್ಬ ಚಪ್ಪಲಿ ಅಂಗಡಿಯ ಮಾಲಿಕ, ಬಾಣಬಿರುಸಿನ ಹುಚ್ಚಿನವನು. ಅವನ ಸಹೋದರನಿಗೆ ಮಾದರಿ ವಿಮಾನಗಳ ಗೀಳು. ಇಬ್ಬರ ಹುಚ್ಚೂ ಕೂಡಿ 1954ರ ಸುಮಾರಿಗೆ ಕಾಗದದ ಮೈ, ಮರದ ರೆಕ್ಕೆ, ಬದಲಾಯಿಸಬಹುದಾದ ಮದ್ದಿನ ಕೊಳವೆಯುಳ್ಳ, ಪ್ಯಾರಾಚೂಟಿನಲ್ಲಿ ಇಳಿದು ಬರುವ ಪುಟ್ಟ ರಾಕೆಟ್ ಹುಟ್ಟಿತು. 1957ರ ಆರಂಭದಲ್ಲಿ ಹ್ಯಾರಿ ಸ್ಟೈನ್ ಎಂಬ ಕ್ಷಿಪಣಿ ತಂತ್ರಜ್ಞ ಒಂದು ಪತ್ರಿಕೆಯಲ್ಲಿ ಲೇಖನ ಬರೆದಿದ್ದ. ಹುಡುಗರು ಮನೆಯಲ್ಲೇ ಮದ್ದು ಅರೆದು ಕಬ್ಬಿಣದ ಕೊಳವೆಗಳಿಗೆ ತುಂಬಿ ಕೈಕಾಲು ಕಳೆದುಕೊಳ್ಳುತ್ತಿದ್ದಾರೆ ಎಂದು. ಕಾರ್ಲೈಲ್ ಅದನ್ನೋದಿ ತನ್ನ ರಾಕೆಟ್ಟನ್ನು ಅವನಿಗೆ ಕಳುಹಿಸಿದ. ಅದೇ ವರ್ಷ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಅಮೆರಿಕದ ಹುಡುಗರಿಗೆಲ್ಲ ರಾಕೆಟ್ಟಿನ ಮರುಳು ಹಿಡಿಯಿತು. ಮರುವರ್ಷ ಡೆನ್ವರಿನ ವರ್ನ್ ಎಸ್ಟಿಸ್ ಎಂಬಾತ ಈ ಮದ್ದಿನ ಎಂಜಿನುಗಳನ್ನು ತಾನಾಗಿ ತುಂಬುವ ಯಂತ್ರವನ್ನು ರಚಿಸುವ ಕೆಲಸಕ್ಕೆ ಕೈಹಾಕಿದ. ಮಕ್ಕಳು ಮದ್ದನ್ನು ಮುಟ್ಟಲೇಬಾರದು, ಲೋಹವನ್ನು ಬಳಸಲೇಬಾರದು ಎಂಬುದೇ ಇದರ ಮೂಲಮಂತ್ರ. ಕಬ್ಬಿಣದ ಕೊಳವೆಯ ಆ ಸಾಲನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ರಾಕೆಟ್ಟು ಕಟ್ಟುವ ಕೆಲಸ ನಾನೆಣಿಸಿದಷ್ಟು ಹುಡುಗಾಟದ್ದಲ್ಲ. ಬಾಲ್ಸಾ ಎಂದರೆ ನಮ್ಮ ಬೆಂಡಿನಷ್ಟೇ ಹಗುರ. ಉಗುರು ತಾಗಿದರೂ ಗುಳಿ ಬೀಳುತ್ತದೆ. ಮೂರು ರೆಕ್ಕೆಗಳಲ್ಲಿ ಮರದ ಎಳೆ ಮುಂದಂಚಿಗೆ ಸಮನಾಗಿ ಓಡಬೇಕು. ಅಡ್ಡವಾಗಿದ್ದರೆ ಮೊದಲ ಹಾರಾಟದಲ್ಲೇ ಮುರಿದೀತು. ಕೊಳವೆಯ ಬುಡದಲ್ಲಿ ಸುತ್ತಳತೆಯನ್ನು ಮೂರು ಸಮಪಾಲು ಮಾಡಿ, ಬಾಗಿಲ ಚೌಕಟ್ಟಿನ ಮೂಲೆಗೆ ಕೊಳವೆಯನ್ನೊತ್ತಿ ನೇರ ಗೆರೆ ಎಳೆದು, ಬಿಳಿ ಗೋಂದು ಸವರಿ ರೆಕ್ಕೆಯನ್ನು ಒಂದು ಕ್ಷಣ ಒತ್ತಿ ತೆಗೆಯಬೇಕು. ಗೋಂದು ಅಂಟಂಟಾದ ಮೇಲೆ ಮತ್ತೆ ಸವರಿ ಕೂರಿಸಬೇಕು. ಎರಡನೆಯ ಸಲ ಹಿಡಿದದ್ದು ಮರ ಮುರಿದರೂ ಬಿಡುವುದಿಲ್ಲ. ಆಮೇಲೆ ರೆಕ್ಕೆಯ ಸಂದಿನುದ್ದಕ್ಕೂ ಗೋಂದಿನ ಗೆರೆ ಎಳೆದು ಬೆರಳಿನಿಂದ ನಯಮಾಡಬೇಕು. ಮೊಮ್ಮಗ ಮೂರನೆಯ ರೆಕ್ಕೆಯನ್ನು ತಾನೇ ಅಂಟಿಸುವೆನೆಂದು ಹಟ ಹಿಡಿದ. ಅಂಟಿಸಿದ. ಅದು ಕೂದಲೆಳೆಯಷ್ಟು ಓರೆಯಾಯಿತು. ನನಗೆ ಕಂಡಿತು, ಹೇಳಲಿಲ್ಲ.

ಬಣ್ಣದ ಕೆಲಸಕ್ಕೆ ಒಂದು ವಾರವೇ ಹಿಡಿಯಿತು. ಬಾಲ್ಸಾದ ರಂಧ್ರಗಳನ್ನು ಮುಚ್ಚಲು ಒಂದು ದ್ರವವನ್ನು ಹಚ್ಚುವುದು, ಒಣಗಿದ ಮೇಲೆ ನಯವಾದ ಮರಳು ಕಾಗದದಿಂದ ಉಜ್ಜುವುದು, ಮತ್ತೆ ಹಚ್ಚುವುದು, ಮತ್ತೆ ಉಜ್ಜುವುದು. ನಾಲ್ಕು ಸಲ ಹೀಗೆ ಮಾಡಿದಾಗ ಮರವು ಮರವೆಂದು ಗೊತ್ತಾಗದಷ್ಟು ನುಣುಪಾಯಿತು. ಅದರ ಮೇಲೆ ಬಿಳಿ, ಬಿಳಿಯ ಮೇಲೆ ಕೆಂಪು. ಚೌಕಿಯಲ್ಲಿ ಬಣ್ಣದ ವೇಷದವರು ಗಂಟೆಗಟ್ಟಲೆ ಮುಖಕ್ಕೆ ಬರೆದುಕೊಳ್ಳುವುದನ್ನು ಬಾಲ್ಯದಲ್ಲಿ ನಿದ್ದೆಗಣ್ಣಿನಿಂದ ನೋಡಿದ್ದೆನಲ್ಲ, ಆ ತಾಳ್ಮೆ ಬೇಕು ಇದಕ್ಕೆ. ಹುಡುಗನಿಗೆ ಅದಿರಲಿಲ್ಲ. ಒಣಗುವ ಮುನ್ನವೇ ಮುಟ್ಟಿದ; ಅವನ ಹೆಬ್ಬೆರಳಿನ ಗುರುತು ಇಂದಿಗೂ ಅದರ ಮೈಮೇಲಿದೆ.

ಇನ್ನು ಎಂಜಿನು. ಏಳು ಸೆಂಟಿಮೀಟರು ಉದ್ದದ ಗಟ್ಟಿ ಕಾಗದದ ಕೊಳವೆ. ಬುಡದಲ್ಲಿ ಜೇಡಿಮಣ್ಣಿನ ಸಣ್ಣ ಬಾಯಿ, ಒಳಗೆ ಒತ್ತಿ ತುಂಬಿದ ಕರಿಮದ್ದು. ಅದರ ಮೇಲೆ ಎ8-3 ಎಂದು ಬರೆದಿತ್ತು. ಅಕ್ಷರವು ಒಟ್ಟು ಬಲದ ವರ್ಗವನ್ನು ಸೂಚಿಸುತ್ತದೆ. ಎ ಎಂದರೆ ಹೆಚ್ಚೆಂದರೆ ಎರಡೂವರೆ ನ್ಯೂಟನ್-ಸೆಕೆಂಡು, ಬಿ ಎಂದರೆ ಅದರ ಇಮ್ಮಡಿ, ಸಿ ಎಂದರೆ ಮತ್ತೂ ಇಮ್ಮಡಿ. ಎಂಟು ಎಂಬುದು ಸರಾಸರಿ ನೂಕುಬಲ. ಮೂರು ಎಂದರೆ ಮದ್ದು ಉರಿದು ಮುಗಿದ ಮೇಲೆ ರಾಕೆಟ್ಟು ತನ್ನಷ್ಟಕ್ಕೆ ಏರುತ್ತಿರುವ ಮೂರು ಸೆಕೆಂಡು. ಆ ಬಳಿಕ ಸಣ್ಣದೊಂದು ಸಿಡಿತದಿಂದ ಮೂತಿ ಕಳಚಿ ಪ್ಯಾರಾಚೂಟು ಹೊರಬೀಳುತ್ತದೆ. ಹಾರಿಸುವ ಮೊದಲು ರಾಕೆಟ್ಟಿನ ತೂಕದ ನಡುಬಿಂದುವಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಿದೆ. ಮೂತಿ ಮುಂದಾಗಿಯೇ ಸುತ್ತಿತು. ಹಾಗಾದರೆ ನೆಟ್ಟಗೆ ಹಾರುತ್ತದೆ ಎಂದರ್ಥ.

ಇಷ್ಟೆಲ್ಲವನ್ನೂ ನಾವು ಬಲ್ಲವರಾಗಿದ್ದರೆ!

1980ರ ಜುಲೈ 18ರಂದು ಶ್ರೀಹರಿಕೋಟಾದಿಂದ ಎಸ್.ಎಲ್.ವಿ.-3 ಹಾರಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಸುದ್ದಿಯನ್ನು ಆಕಾಶವಾಣಿಯಲ್ಲಿ ಕೇಳಿದಾಗ ನಾನು ಒಂಬತ್ತನೆಯ ತರಗತಿ. ನಮ್ಮ ಲೆಕ್ಕದ ಮಾಷ್ಟ್ರು ಮರುದಿನ ಪಾಠವನ್ನು ಬದಿಗಿಟ್ಟು ರಾಕೆಟ್ಟಿನ ವಿಚಾರವನ್ನೇ ಹೇಳಿದರು. 1963ರ ನವೆಂಬರ್ 21ರಂದು ನಮ್ಮದೇ ರಾಜ್ಯದ ದಕ್ಷಿಣದ ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು, ಅಲ್ಲಿಯ ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾದದ್ದು, ಬಿಡಿಭಾಗಗಳನ್ನು ಸೈಕಲ್ಲಿನಲ್ಲಿ ಸಾಗಿಸಿದ್ದು. ಮಳೆ ಬಿಟ್ಟ ಮೇಲೆ ನಮ್ಮನ್ನು ಪದವಿಗೆ ಕರೆದೊಯ್ದು, ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ, ತೆಂಗಿನ ಮರದ ಎತ್ತರವನ್ನು ಹತ್ತದೆಯೇ ಅಳೆಯುವುದನ್ನು ಕಲಿಸಿದರು. "ನೋಡುವವನ ಕಣ್ಣಿನ ಎತ್ತರವನ್ನು ಕೂಡಿಸಲು ಮರೆಯಬೇಡಿ" ಎಂಬುದು ಅವರ ಪಲ್ಲವಿ. ಕನ್ನಡದಲ್ಲಿ ತ್ರಿಕೋನಮಿತಿಯನ್ನು ಅಷ್ಟು ತಿಳಿಯಾಗಿ ಹೇಳುವವರನ್ನು ನಾನು ಮತ್ತೆ ಕಾಣಲಿಲ್ಲ.

ಮುಂದಿನ ಜನವರಿಯಲ್ಲಿ ಕುಂಬಳೆ ಬೆಡಿ. ಮರುದಿನ ಮುಂಜಾನೆ ನಾನೂ ನನ್ನ ಬೆಂಚಿನ ಗೆಳೆಯನೂ ಗದ್ದೆಯಲ್ಲಿ ಸಿಡಿಯದೆ ಉಳಿದ ತುಣುಕುಗಳನ್ನು ಆರಿಸಿದೆವು. ಹಳೆಯ ಸೈಕಲ್ ಪಂಪಿನ ಕೊಳವೆಯೊಂದು ನಮ್ಮಲ್ಲಿತ್ತು. ಅದನ್ನು ಹೇಗೆ ತುಂಬಿದೆವು, ಏನು ಮಾಡಿದೆವು ಎಂಬುದನ್ನು ಬರೆಯುವುದಿಲ್ಲ. ಈ ಸಂಚಿಕೆಯನ್ನು ಮಕ್ಕಳೂ ಓದುತ್ತಾರೆ. ಆದಿತ್ಯವಾರ ಮಧ್ಯಾಹ್ನ ಪದವಿನ ಮುರಕಲ್ಲಿನ ಮೇಲೆ ಅದನ್ನು ನಿಲ್ಲಿಸಿ ಬತ್ತಿಗೆ ಬೆಂಕಿ ಕೊಟ್ಟು ಓಡಿದೆವು. ಕಾದೆವು. ಹೊಗೆ ನಿಂತಿತು. ಏನೂ ಆಗಲಿಲ್ಲ. "ನಂದಿತು ಮಾರಾಯ, ಹೋಗಿ ನೋಡು" ಎಂದೆ. ನಾನು ಹೇಳಿದೆ, ಅವನು ಹೋದ.

ಅವನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಮುಖ್ಯೋಪಾಧ್ಯಾಯರು ಕೇಳಿದಾಗ ಅವನು "ನಾನೇ ಹೋದದ್ದು" ಎಂದಷ್ಟೇ ಹೇಳಿದನಂತೆ. ನಾನು ಬಾಗಿಲಲ್ಲಿದ್ದೆ, ಬಾಯಿ ಬಿಡಲಿಲ್ಲ. ಹೆತ್ತವರ ಸಭೆಯಲ್ಲಿ ಮಾತು ಮಾಷ್ಟ್ರ ಮೇಲೆ ತಿರುಗಿತು. ಮಕ್ಕಳ ತಲೆಯೊಳಗೆ ರಾಕೆಟ್ಟಿನ ಹುಳ ಬಿಟ್ಟವರು ಇವರೇ ಎಂದರು. ಅವರು ಎದುರಾಡಲಿಲ್ಲ. ಆ ಮೇಲೆ ನಮ್ಮನ್ನು ಪದವಿಗೆ ಕರೆದೊಯ್ಯಲೂ ಇಲ್ಲ. ಅವರು ತೀರಿಕೊಂಡು ಈಗ ಹಲವು ವರ್ಷಗಳಾದವು. ಗೆಳೆಯ ಎಡಗೈಯಲ್ಲಿ ಬರೆಯಲು ಕಲಿತು ನನ್ನ ಜತೆಯಲ್ಲೇ 1982ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ.

ಒಮಾಹಾದ ಬಯಲಿಗೆ ಮರಳುತ್ತೇನೆ. ಅಲ್ಲಿಯ ಗಾಳಿ ಎರಡು ಆದಿತ್ಯವಾರ ನಮ್ಮನ್ನು ಹಿಂದಕ್ಕೆ ಕಳುಹಿಸಿತು. ಮೂರನೆಯ ವಾರ ಮುಂಜಾನೆ ಹುಲ್ಲು ಅಲುಗುತ್ತಿರಲಿಲ್ಲ. ಸುಮಾರು ಒಂದು ಗಜ ಉದ್ದದ ಕಬ್ಬಿಣದ ಸರಳಿಗೆ ರಾಕೆಟ್ಟನ್ನು ಪೋಣಿಸಿ ನಿಲ್ಲಿಸಿದೆವು. ಐದು ಮೀಟರು ತಂತಿಯಾಚೆ ನಾವು. ನೂರು ಮೀಟರು ದೂರದಲ್ಲಿ, ಮಾಷ್ಟ್ರ ಕ್ರಮದಲ್ಲೇ ನಾನು ಮಾಡಿಕೊಟ್ಟ ದಾರದ ಕೋನಮಾಪಕ ಹಿಡಿದು ಮಗಳು. ಕೀಲಿ ತೂರಿಸಿದೊಡನೆ ಸಣ್ಣ ದೀಪ ಹೊತ್ತಿತು. ಮೊಮ್ಮಗ ಐದರಿಂದ ಹಿಂದಕ್ಕೆ ಎಣಿಸಿ ಗುಂಡಿಯನ್ನು ಒತ್ತಿದ.

ಒಂದೆಳೆ ಹೊಗೆ. ಅಷ್ಟೇ.

"ಇಟ್ಸ್ ಡೆಡ್, ಅಜ್ಜ, ನೋಡ್ತೇನೆ" ಎಂದು ಹುಡುಗ ಓಡಹೊರಟ. ನಾನು ಅವನ ರಟ್ಟೆಯನ್ನು ಹಿಡಿದದ್ದು ನನಗೇ ತಿಳಿಯಲಿಲ್ಲ; ಅವನು ನೋವಿನಿಂದ ಚೀರಿದಾಗಲೇ ತಿಳಿದದ್ದು. ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಹಾರದಿದ್ದರೆ ಅರುವತ್ತು ಸೆಕೆಂಡು ಯಾರೂ ಹತ್ತಿರ ಹೋಗಬಾರದು. ಆ ಹವ್ಯಾಸದ ಸುರಕ್ಷಾ ನಿಯಮಗಳಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಗಟ್ಟಿಯಾಗಿ ಎಣಿಸತೊಡಗಿದೆ, ಒಂದು, ಎರಡು, ಮೂರು. ಮೂವತ್ತರ ಹೊತ್ತಿಗೆ ಸ್ವರ ಕಟ್ಟಿತು. ಉಳಿದ ಮೂವತ್ತನ್ನು ಮೊಮ್ಮಗನೇ ತನ್ನ ತೊದಲು ಕನ್ನಡದಲ್ಲಿ ಎಣಿಸಿದ. ನಲವತ್ತೊಂಬತ್ತನ್ನು ಬಿಟ್ಟು ಹಾರಿದ, ನಾನು ಹಿಂದಕ್ಕೆ ಹೋಗಿ ಅದನ್ನೂ ಎಣಿಸುವಂತೆ ಮಾಡಿದೆ.

ಬೆಂಕಿ ಹೊತ್ತಿಸುವ ತಂತಿಯ ತುದಿ ಮದ್ದಿಗೆ ತಾಗಿರಲಿಲ್ಲ, ಅಷ್ಟೇ ಕಾರಣ. ಬೇರೆ ತಂತಿಯನ್ನು ಕೂರಿಸಿದೆ. ಎರಡನೆಯ ಸಲ ಗುಂಡಿ ಒತ್ತಿದಾಗ ಒಗ್ಗರಣೆ ಸಿಡಿದಂತೆ ಸದ್ದಾಯಿತು; ನೋಡುವಷ್ಟರಲ್ಲಿ ಸರಳು ಬರಿದು. ತಲೆಯೆತ್ತಿದರೆ ಹೊಗೆಯ ಗೆರೆ. ಓರೆಯಾದ ಆ ರೆಕ್ಕೆಯಿಂದಾಗಿ ರಾಕೆಟ್ಟು ಬುಗುರಿಯಂತೆ ತಿರುಗುತ್ತಾ ಏರಿತ್ತು, ಆದರೆ ನೆಟ್ಟಗೇ ಏರಿತ್ತು. ಪ್ಯಾರಾಚೂಟು ಬಿಚ್ಚಿತು. ಮಗಳು "48 ಡಿಗ್ರಿ" ಎಂದು ಕೂಗಿದಳು. ನೂರು ಮೀಟರಿಗೆ ಲೆಕ್ಕ ಹಾಕಿದರೆ 111 ಮೀಟರು. ಅವಳ ಕಣ್ಣಿನ ಎತ್ತರ ಒಂದೂವರೆಯನ್ನು ಕೂಡಿಸಿದೆ. ನೂರ ಹನ್ನೆರಡೂವರೆ.

ಆ ರಾತ್ರಿ ಮೊಮ್ಮಗ, "ನನ್ನ ಕೈ ಯಾಕೆ ಅಷ್ಟು ಜೋರು ಹಿಡಿದದ್ದು?" ಎಂದು ಕೇಳಿದ. ಅವನಿಗೆ ಹೇಳಿದೆ. ನಲವತ್ತಮೂರು ವರ್ಷಗಳಲ್ಲಿ ಮೊದಲ ಬಾರಿ ಹೇಳಿದ್ದು ಒಬ್ಬ ಎಂಟು ವರ್ಷದವನಿಗೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಆ ಅಜ್ಜನಿಗೆ ಸಾರಿ ಹೇಳಿದ್ಯಾ?" ಎಂದ.

ಎಂಜಿನುಗಳನ್ನು ವಿಮಾನದಲ್ಲಿ ತರುವಂತಿಲ್ಲ. ಬರಿಯ ರಾಕೆಟ್ಟನ್ನು ಮೊಮ್ಮಗ ನನ್ನ ಪೆಟ್ಟಿಗೆಯಲ್ಲಿ ಪಂಚೆಗಳ ನಡುವೆ ಇಟ್ಟು ಕಳುಹಿಸಿದ. ಊರಿಗೆ ಬಂದ ಮೇಲೆ, ಮಹೋತ್ಸವದ ದೇಣಿಗೆ ಪಟ್ಟಿ ಹಿಡಿದುಕೊಂಡು ಗೆಳೆಯ ಒಂದು ಸಂಜೆ ನಮ್ಮಲ್ಲಿಗೆ ಬಂದ. ಚಾವಡಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದ. ನಾನು ಹೇಳಬೇಕಾದ್ದನ್ನು ಹೇಳಿದೆ. ಆಸ್ಪತ್ರೆಯ ಬಾಗಿಲಿನ ವಿಚಾರವನ್ನೂ, ಮಾಷ್ಟ್ರ ವಿಚಾರವನ್ನೂ ಹೇಳಿದೆ. ಇದನ್ನು ಸಂಚಿಕೆಯಲ್ಲಿ ಬರೆಯಲು ನಿನ್ನ ಒಪ್ಪಿಗೆ ಇದೆಯೇ ಎಂದೂ ಕೇಳಿದೆ.

ಅವನು ಕೂಡಲೇ ಉತ್ತರ ಕೊಡಲಿಲ್ಲ. ಮೇಜಿನ ಮೇಲಿದ್ದ ರಾಕೆಟ್ಟನ್ನು ಬಲಗೈಯ ಮೂರು ಬೆರಳಿನಿಂದ ಎತ್ತಿ, ಒಂದು ಕಣ್ಣು ಮುಚ್ಚಿ ಕೊಳವೆಯುದ್ದಕ್ಕೂ ನೋಡಿದ.

"ಮಾಷ್ಟ್ರ ಹೆಸರಲ್ಲಿ ಒಂದು ದತ್ತಿ ಇಡುವ, ಅರ್ಧ ನಿನ್ನದು ಅರ್ಧ ನನ್ನದು" ಎಂದ. ಮತ್ತೆ ಅದನ್ನು ತಿರುಗಿಸಿ ನೋಡಿ, "ಬರೆಯುವುದಾದರೆ ಬರೆ. ಆದರೆ ಇದರ ಒಂದು ರೆಕ್ಕೆ ಓರೆ ಉಂಟಲ್ಲ ಮಾರಾಯ, ಅದು ಯಾರು ಅಂಟಿಸಿದ್ದು?" ಎಂದು ಕೇಳಿದ.