ಸಂತ ಅಗಸ್ಟೀನರ ಬೆತ್ತ

ಚರಿತ್ರೆ ಓದುವಾಗ ಎಲ್ಲಾದರೂ ನಮ್ಮ ಕಸುಬಿನವರ ಹೆಸರು ಬಂದರೆ ನಾವು ಮಾಷ್ಟ್ರುಗಳು ಹಿಗ್ಗುತ್ತೇವೆ. ಆದರೆ ಸಂತ ಅಗಸ್ಟೀನರ ಒಂದು ಕಾಗದದಲ್ಲಿ ನಾವು ಬಂದ ಬಗೆ ನೋಡಿ ಹಿಗ್ಗಲು ಆಗಲಿಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಟರ್ಟುಲಿಯನ್ ಎಂಬ ಕ್ರೈಸ್ತ ಲೇಖಕನಿದ್ದ. ಚಕ್ರವರ್ತಿಯ ಆಯುಸ್ಸಿಗಾಗಿ ಪ್ರಾರ್ಥಿಸುತ್ತೇವೆ, ಆದರೆ ಅವನನ್ನೇ ದೇವರೆನ್ನಲಾರೆವು. ಒತ್ತಾಯದಿಂದ ಮಾಡಿಸಿದ ಪೂಜೆ ಯಾವ ದೇವರಿಗೆ ಬೇಕು ಎಂಬುದು ಅವನ ವಾದ. ಆಗ ಕ್ರೈಸ್ತರು ಸಣ್ಣ ಗುಂಪು. ಪ್ರಾಂತ್ಯದ ಅಧಿಕಾರಿ ಮನಸ್ಸು ಮಾಡಿದರೆ ತಲೆ ಹೋಗುತ್ತಿತ್ತು.

313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಅವರಿಗೆ ಆರಾಧನೆಯ ಸ್ವಾತಂತ್ರ್ಯ ಕೊಟ್ಟರು. ಆ ಶತಮಾನ ಮುಗಿಯುವುದರೊಳಗೆ ಅದು ಚಕ್ರವರ್ತಿಗಳ ಅಧಿಕೃತ ಧರ್ಮವೂ ಆಯಿತು. ಆದರೆ ಆಫ್ರಿಕಾದಲ್ಲಿ ಸಭೆ ಒಡೆದಿತ್ತು. 303ರ ಹಿಂಸೆಯಲ್ಲಿ ಹೆದರಿ ಧರ್ಮಗ್ರಂಥಗಳನ್ನು ಸರಕಾರಕ್ಕೆ ಒಪ್ಪಿಸಿದವರ ಕೈಯ ಸಂಸ್ಕಾರ ಸಲ್ಲದು ಎಂದು ಡೊನೇಟಿಸ್ಟರು ಬೇರೆಯಾದರು. ಎಷ್ಟೋ ಊರುಗಳಲ್ಲಿ ಎರಡೆರಡು ಬಿಷಪ್ಪರು!

ಹಿಪ್ಪೊ ನಗರದ ಬಿಷಪ್ಪರಾಗಿದ್ದ ಅಗಸ್ಟೀನರು ಮೊದಮೊದಲು ಚರ್ಚೆಯಿಂದಲೇ ಇವರನ್ನು ಒಲಿಸಬೇಕು ಎನ್ನುತ್ತಿದ್ದರು. 408ರ ಸುಮಾರಿಗೆ ಬರೆದ ಕಾಗದದಲ್ಲಿ ಮನಸ್ಸು ಬದಲಾಯಿತೆಂದು ಅವರೇ ಒಪ್ಪುತ್ತಾರೆ. ಕಾರಣ? ರಾಜಾಜ್ಞೆಯ ಹೆದರಿಕೆಗೆ ಅವರ ಸ್ವಂತ ಊರೇ ದಾರಿಗೆ ಬಂದಿತ್ತಂತೆ. ಅಂದರೆ ಫಲಿತಾಂಶ ಕಣ್ಣೆದುರಿಗಿತ್ತು. 412ರಲ್ಲಿ ದಂಡದ ಕಾನೂನೂ ಬಂತು.

ಅದೇ ಸುಮಾರಿಗೆ ಅಧಿಕಾರಿ ಮಾರ್ಸೆಲಿನಸ್‌ಗೆ ಬರೆದ ಕಾಗದದಲ್ಲಿ ನಾವು ಬರುತ್ತೇವೆ. ಪಾದ್ರಿಯೊಬ್ಬರನ್ನು ಕೊಂದ ಆರೋಪಿಗಳಿಗೆ ಮರಣದಂಡನೆ ಬೇಡ ಎಂದು ಅಗಸ್ಟೀನರು ಬೇಡಿಕೊಳ್ಳುತ್ತಾರೆ. ಇದು ದೊಡ್ಡ ಮಾತೇ. ಜೊತೆಗೆ, ಬೆಂಕಿ ಮುಂತಾದ ಚಿತ್ರಹಿಂಸೆ ಬಳಸದೆ ಬರೀ ಬೆತ್ತದಿಂದ ತಪ್ಪೊಪ್ಪಿಗೆ ಪಡೆದದ್ದಕ್ಕೆ ಮೆಚ್ಚುಗೆ. ಅದು ಮಾಷ್ಟ್ರುಗಳೂ ತಂದೆತಾಯಿಗಳೂ ಬಳಸುವ ವಿಧಾನವಲ್ಲವೇ ಎಂದು.

ತನ್ನ ಆತ್ಮನಿವೇದನೆಯಲ್ಲಿ ಇದೇ ಅಗಸ್ಟೀನರು, ಶಾಲೆಯಲ್ಲಿ ಏಟು ಬೀಳದಿರಲಿ ಎಂದು ಬಾಲ್ಯದಲ್ಲಿ ದೇವರಿಗೆ ಮೊರೆಯಿಟ್ಟದ್ದನ್ನೂ, ದೊಡ್ಡವರು ನಕ್ಕದ್ದನ್ನೂ ಬರೆದಿದ್ದಾರೆ. ಹೊಡೆದು ಕಲಿಸಿದ ಗ್ರೀಕ್ ಅವರಿಗೆ ಕೊನೆಗೂ ಒಲಿಯಲಿಲ್ಲ.

ಗಡಿಯ ಈಚೆಗಿರುವ ನಮಗೆ 'ಕಡ್ಡಾಯ' ಎಂಬ ಪದ ಕೇಳಿದರೇ ಮೈ ಬಿಸಿಯಾಗುತ್ತದೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಮಾತು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಒತ್ತಾಯದಿಂದ ಭಾಷೆ ಬರುವುದಿಲ್ಲ ಎಂದು ನಾವೂ ಗಂಟಲು ಹರಿಯುವಂತೆ ಹೇಳಿದೆವು. ಆದರೆ ಟಿ.ಸಿ.ಹೆಚ್. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಮೇಜಿನ ಮೇಲೆ ಬೆತ್ತ ಇತ್ತು. ಮಹಾಪ್ರಾಣ ತಪ್ಪಿದರೆ ಅಂಗೈಗೆ ಒಂದು. ಮರುದಿನ ಸರಿಯಾಗಿ ಬರೆಯುತ್ತಿದ್ದರು. ಫಲಿತಾಂಶ ನಮ್ಮ ಕಣ್ಣೆದುರೂ ಇತ್ತು. 2010ರಲ್ಲಿ ಶಿಕ್ಷಣ ಹಕ್ಕಿನ ಕಾನೂನು ಜಾರಿಗೆ ಬಂದ ಮೇಲಷ್ಟೇ ಬೆತ್ತ ಅಟ್ಟ ಸೇರಿತು, ನಾವಾಗಿ ಇಟ್ಟದ್ದಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಆ ಕಾಲದ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಚಾ ಕುಡಿಸಿದ, ಮನೆಯ ಕ್ಷೇಮ ಕೇಳಿದ. ಕನ್ನಡ ಓದುತ್ತೀಯಾ ಎಂದು ಕೇಳಿದೆವು. "ಇಲ್ಲ ಸರ್, ಶಾಲೆ ಬಿಟ್ಟ ಮೇಲೆ ಕನ್ನಡ ಪುಸ್ತಕ ಮುಟ್ಟಲಿಲ್ಲ," ಎಂದು ನಕ್ಕ. ನಮಗೆ ಬಸ್ಸು ಬಂತು.